ಅಕ್ಷರದ ಕೆರೆಗೆ ನೀರುಗಂಟಿ ಯಾರು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸುದ್ದಿಯನ್ನು ನಾವು ಬರೆಯೋದು, ನೀವು ಓದೋದು ಎರಡೂ ಫೋನಿನಲ್ಲೇ. ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಸುದ್ದಿಯನ್ನು, ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು ಕಾಣುತ್ತಿತ್ತು. ಯೂನಿಕೋಡ್ ಬಂದು ಆ ತೊಂದರೆ ತಪ್ಪಿತು. ಆದರೂ ಅಕ್ಷರ ಪರದೆಯ ಮೇಲೆ ಮೂಡಲು ಒಂದು ಫಾಂಟ್ ಬೇಕೇ ಬೇಕು.

ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಲೋಹಿತ್ ಫಾಂಟುಗಳನ್ನು ಓಪನ್ ಸೋರ್ಸ್ ಮಾಡಿತು. ಆಮೇಲೆ ಕನ್ನಡವೂ ಸೇರಿತು. ಹಲವು ಆಂಡ್ರಾಯ್ಡ್ ಫೋನುಗಳಲ್ಲಿರುವ ಗೂಗಲ್‌ನ ನೋಟೊ ಫಾಂಟುಗಳಿಗೆ 2015ರಿಂದ ಓಪನ್ ಫಾಂಟ್ ಲೈಸೆನ್ಸ್ ಇದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಬರೀ ಫಾಂಟನ್ನೇ ಮಾರುವಂತಿಲ್ಲ.

ನಮ್ಮ ಕೆರೆಗಳ ಲೆಕ್ಕವೇ ಇದು. ಕೆರೆ ಊರಿನದು, ತೂಬು ಎತ್ತೋನು ನೀರುಗಂಟಿ. ಇಲ್ಲಿ ನೀರುಗಂಟಿಗೆ ಸಂಬಳ ಕೊಡೋದು ಕಂಪನಿ. ಒತ್ತಕ್ಷರ ತಪ್ಪಾಗಿ ಕಂಡರೆ ಯಾರಾದರೂ ದೂರು ಬರೆಯಬಹುದು, ತಿದ್ದಿಯೂ ಕಳಿಸಬಹುದು. ಪರೀಕ್ಷಿಸಿ ಒಪ್ಪೋದು ಫಾಂಟ್ ನೋಡಿಕೊಳ್ಳೋ ಎಂಜಿನಿಯರುಗಳು. ನಾಳೆ ಕಂಪನಿ ಕೈಬಿಟ್ಟರೂ ಫಾಂಟ್ ಎಲ್ಲೂ ಹೋಗಲ್ಲ. ಆದರೆ ಹೂಳು ತೆಗೆಯೋರು ಬೇಕು.

ಲಕ್ಷ್ಮಮ್ಮ ಅನ್ನೋ ಹೆಸರು ಸರಿಯಾಗಿ ಮೂಡಿದೆಯೋ ಇಲ್ಲವೋ ಅಂತ ಹೇಳಬಲ್ಲವರು ಕನ್ನಡ ಓದುವ ನಾವು ನೀವೇ. ಅಕ್ಷರ ಕೆಟ್ಟು ಕಂಡರೆ ಸ್ಕ್ರೀನ್‌ಶಾಟ್ ತೆಗೆದು, ಫೋನಿನ ಮಾಡೆಲ್ ಬರೆದು ನಮಗೆ ಕಳಿಸಿ. ದೂರು ಮುಟ್ಟಿಸೋ ಕೆಲಸ ನಮ್ಮದು.