ಬೀಸುವ ಕಲ್ಲಿನ ವೇಗ

ಕನ್ನಡ ಕಲಿಸುವವನಿಗೆ ಕಂಪ್ಯೂಟರಿನ ಒಳಗುಟ್ಟು ಏತಕ್ಕೆ ಎಂದು ನೀವು ಕೇಳಬಹುದು. ಮೊನ್ನೆ ಮೊನ್ನೆಯವರೆಗೆ ನಾನೂ ಹಾಗೆಯೇ ಕೇಳುತ್ತಿದ್ದವನು.

ಮನೆ ಹಾವೇರಿಯಲ್ಲಿ, ಕಾಲೇಜು ರಾಣೆಬೆನ್ನೂರಿನಲ್ಲಿ, ನಡುವೆ ಬ್ಯಾಡಗಿಯಲ್ಲಿ ಅವ್ವ. ಹೀಗೆ ರೈಲುದಾರಿಯ ಮೂರು ನಿಲ್ದಾಣಗಳಿಗೆ ಹಂಚಿಹೋದ ಬಾಳು ನನ್ನದು. ಅವ್ವನಿಗೆ ಎಪ್ಪತ್ತೆಂಟು. ಅವಳ ಬೀಸುವ ಪದಗಳನ್ನು ಎರಡು ವರ್ಷದಿಂದ ಫೋನಿನಲ್ಲಿ ಹಿಡಿದಿಡುತ್ತಿದ್ದೇನೆ. ಈಚೆಗೆ ಅವಳು ಪದದ ನಡುವೆಯೇ ನಿಂತುಬಿಡುತ್ತಾಳೆ. ಆದ್ದರಿಂದಲೇ ನನಗೆ ಅವಸರ. ಹಾಡಿನ ಜೊತೆಗೆ ಮೆಣಸಿನಕಾಯಿ ಲಾರಿಗಳ ಗದ್ದಲವೂ ಸೇರಿಕೊಂಡಿರುತ್ತದೆ. ಅದನ್ನು ಸೋಸಿ ತೆಗೆಯಲು ಮನೆಯ ಕಂಪ್ಯೂಟರು ಪದಕ್ಕೊಂದು ತಾಸು ನುಂಗುತ್ತಿತ್ತು.

ಅದರೊಳಗಿದ್ದದ್ದು 2018ರ ರೈಝನ್ 3 2200ಜಿ ಎಂಬ ಪ್ರೊಸೆಸರು. ನಾಲ್ಕು ಕೋರು, 3.5 ಗಿಗಾಹರ್ಟ್ಸ್. ಹೊಸದನ್ನು ಕೊಳ್ಳೋಣವೆಂದರೆ ಇಂಜಿನಿಯರಿಂಗ್ ಓದುವ ಮಗ ತಡೆದ.

“ಸುಮ್ನ ರೊಕ್ಕ ಯಾಕ ಹಾಕ್ತೀರಿ ಅಪ್ಪಾ? ಓವರ್‌ಕ್ಲಾಕ್ ಮಾಡೂಣು.”

ವಿದ್ಯೆ ಸರಳವಾದದ್ದೇ. ಪ್ರೊಸೆಸರಿಗೆ 100 ಮೆಗಾಹರ್ಟ್ಸಿನ ಒಂದು ಮೂಲ ತಾಳ. ಅದನ್ನು 35ರಿಂದ ಗುಣಿಸಿದರೆ 3.5 ಗಿಗಾಹರ್ಟ್ಸ್, 39ರಿಂದ ಗುಣಿಸಿದರೆ 3.9. ನಮ್ಮ ಬಿ450 ಮದರ್‌ಬೋರ್ಡು ಈ ಗುಣಕವನ್ನು ಏರಿಸಲು ಬಿಡುತ್ತದೆ; ಅಗ್ಗದ ಎ320 ಬಿಡುವುದಿಲ್ಲ. ಆದರೆ ಓಟ ಹೆಚ್ಚಿದಾಗ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ವೋಲ್ಟೇಜು ಏರಿತೋ, ಕಾವು ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ.

ತಾಸಿಗೆ ಐದು ನಿಮಿಷ ಉಳಿಯಿತು. ಮಗ ಗೆದ್ದೆನೆಂದ, ನಾನೂ ಬೀಗಿದೆ. ಏಪ್ರಿಲಿನ ಒಂದು ರಾತ್ರಿ, ಹಾವೇರಿಯ ಸೆಕೆಯಲ್ಲಿ ನಮಗೇ ನಿದ್ದೆ ಹತ್ತದಿರುವಾಗ, ಪರದೆ ನೀಲಿಯಾಗಿ ಯಂತ್ರ ನಿಂತುಹೋಯಿತು. ಮತ್ತೆ ಹಚ್ಚಿದರೆ ಒಂದು ಪದದ ಕಡತ ತೆರೆಯಲೊಲ್ಲದು. ಫೋನಿನಲ್ಲಿ ಜಾಗ ಸಾಲದೆಂದು ಅದರ ಮೂಲವನ್ನು ಅಳಿಸಿದವನು ನಾನೇ. ಯಂತ್ರವನ್ನು ಬಯ್ದು ಫಲವೇನು?

ಭಾನುವಾರ ಬ್ಯಾಡಗಿಗೆ ಹೋಗಿ ಆ ಪದವನ್ನು ಇನ್ನೊಮ್ಮೆ ಹಾಡೆಂದೆ. ಎರಡು ನುಡಿ ಹಾಡಿದಳು. “ಮುಂದಿಂದು ನೆಪ್ಪಿಗೆ ಬರವಲ್ದು, ತಮ್ಮಾ” ಎಂದಳು. ನಡೆದದ್ದನ್ನು ಒಪ್ಪಿಸಿದೆ. ಅವಳು ಸಿಟ್ಟಾಗಲಿಲ್ಲ.

“ಬೀಸೂ ಕಲ್ಲ ಭಾಳ ಜೋರ ತಿರುವಿದ್ರ ಹಿಟ್ಟ ಕಮರತೈತಿ. ಲಗೂನ ಆಗಬೇಕಂದ್ರ ಎದುರಿಗೆ ಇನ್ನೊಬ್ಬಾಕಿ ಕುಂದರಬೇಕೋ.”

ಮಗನ ಪುಸ್ತಕಗಳು ಬಿಡಿಸದ ಗಂಟನ್ನು ಅವ್ವ ಬಿಡಿಸಿದಳು. ನನಗೆ ಬೇಕಾದದ್ದು ಅದೇ ಕೈಗೆ ಇನ್ನಷ್ಟು ಓಟವಲ್ಲ, ಇನ್ನೆರಡು ಕೈಗಳು. ರಾಣೆಬೆನ್ನೂರಿನ ಅಂಗಡಿಯಲ್ಲಿ ಎರಡನ್ನು ಮುಂದಿಟ್ಟರು. ರೈಝನ್ 5 5600ಕ್ಕೆ ಆರು ಕೋರುಗಳಿದ್ದರೂ ಪರದೆಗೆ ಚಿತ್ರ ಕಳಿಸುವ ಭಾಗವಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕು. 5600ಜಿಯಲ್ಲಿ ಆರು ಕೋರುಗಳೊಡನೆ ಅದೂ ಒಳಗೇ ಇದೆ. ನಮ್ಮ ಎಎಂ4 ಸಾಕೆಟ್ಟಿಗೇ ಹೊಂದುತ್ತದೆ. ಹಳೆಯದರಂತೆ ಇದರದೂ 65 ವ್ಯಾಟಿನ ಲೆಕ್ಕ. ಅಂಗಡಿಯವ ನಕ್ಕು, “ಇದು ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ಸರ್, ಬಣ್ಣ ಭರ್ತಿ, ಖಾರ ಕಮ್ಮಿ” ಎಂದ. ಒಂದು ಎಚ್ಚರಿಕೆಯನ್ನೂ ಕೊಟ್ಟ: ಹಳೆಯ ಪ್ರೊಸೆಸರು ಕೂತಿರುವಾಗಲೇ ಬಯಾಸ್ ನವೀಕರಿಸಿಕೊಳ್ಳಬೇಕು, ಆ ಹೊತ್ತಿನಲ್ಲಿ ಕರೆಂಟು ಹೋಗಕೂಡದು. ಯುಪಿಎಸ್ ಹಚ್ಚಿ, ದೇವರಿಗೂ ದೀಪ ಹಚ್ಚಿ, ಆ ಕೆಲಸ ಮುಗಿಸಿದೆವು.

ಈಗ ಗುಣಕಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಒಂದು ಪದಕ್ಕೆ ಅರ್ಧ ತಾಸೂ ಹಿಡಿಯುವುದಿಲ್ಲ. ಸೋಸಿದ್ದನ್ನು ಮೂರೂರಿನಲ್ಲಿ ಇಡುತ್ತೇನೆ: ಹಾವೇರಿಯ ಕಂಪ್ಯೂಟರಿನಲ್ಲಿ, ರಾಣೆಬೆನ್ನೂರಿನ ಕಾಲೇಜಿನ ಕಪಾಟಿನ ಡಿಸ್ಕಿನಲ್ಲಿ, ಬ್ಯಾಡಗಿಯಲ್ಲಿ ಅವ್ವನ ಟ್ರಂಕಿನೊಳಗಿನ ಪೆನ್‌ಡ್ರೈವಿನಲ್ಲಿ.

ಆ ಪದದ ಉಳಿದರ್ಧ ಮಾತ್ರ ಎಲ್ಲಿಯೂ ಇಲ್ಲ. ಹೋದಾಗಲೆಲ್ಲ ಕೇಳುತ್ತೇನೆ. ಅವ್ವ ಅದೇ ಎರಡು ನುಡಿ ಹಾಡಿ, ಕಲ್ಲಿನ ಗೂಟ ಹಿಡಿದವಳಂತೆ ಬರಿಗೈಯನ್ನು ಮೆಲ್ಲಗೆ ತಿರುಗಿಸುತ್ತ, ಮುಂದಿನದಕ್ಕೆ ಕಾಯುತ್ತಾಳೆ. ನಾನೂ ಅವಸರ ಮಾಡದೆ ಎದುರಿಗೆ ಕೂಡುತ್ತೇನೆ.