ಏರು ತಿಳಿಯಬೇಕಾದರೆ ಮೊಪೆಡ್ ಹತ್ತಬೇಕು

ದೊಡ್ಡ ಬೈಕಿಗೆ ಬೆಟ್ಟವೂ ಒಂದೇ, ಬಯಲೂ ಒಂದೇ. 50 ಸಿಸಿ ಮೊಪೆಡ್ಡಿಗೆ ಹಾಗಲ್ಲ. ರಸ್ತೆ ತುಸು ಮೇಲೆದ್ದರೂ ಅದರ ದನಿ ಬದಲಾಗುತ್ತದೆ. ಕಣ್ಣಿಗೆ ಸಮವಾಗಿ ಕಾಣುವ ದಾರಿಯಲ್ಲೂ ಏರು ಎಲ್ಲಿ ಶುರುವಾಯಿತೆಂದು ಆಕ್ಸಿಲರೇಟರ್ ಹಿಡಿದ ಬಲಗೈಗೆ ಮೊದಲು ಗೊತ್ತಾಗುತ್ತದೆ. ಟಿವಿಎಸ್ ಮೇಲೆ ಗೊಬ್ಬರದ ಚೀಲ ಹೇರಿ ದಿಬ್ಬ ಹತ್ತಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಶ್ಚಿಮ ಕೆನಡಾವನ್ನು ಒಬ್ಬನೇ ಮೊಪೆಡ್ಡಿನಲ್ಲಿ ಹಾಯುವ ಹುಚ್ಚು ನನಗೆ ಹಿಡಿದದ್ದು ಈ ಸುಖಕ್ಕಾಗಿಯೇ.

ನನ್ನ ದಾರಿ ಕ್ರೋಸ್‌ನೆಸ್ಟ್ ಹೆದ್ದಾರಿ. ಬ್ರಿಟಿಷ್ ಕೊಲಂಬಿಯಾದ ಹೋಪ್ ಊರಿನಿಂದ ಹೊರಟು, ಅಮೆರಿಕದ ಗಡಿಗೆ ದೂರವಾಗದೆ ಪೂರ್ವಕ್ಕೆ ಸಾಗಿ, ಆಲ್ಬರ್ಟಾದ ಮೆಡಿಸಿನ್ ಹ್ಯಾಟ್ ಮುಟ್ಟುವ ಸಾವಿರ ಕಿಲೋಮೀಟರಿಗೂ ಮಿಕ್ಕ ರಸ್ತೆ. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದು ಇಲ್ಲಿ ಮೊದಲು ಕಲಿಯಬೇಕಾದ ಮರ್ಯಾದೆ. ಹಾಗೆ ನಿಂತಾಗಲೆಲ್ಲ ಒಂದು ತೊರೆಯ ಸದ್ದೋ ಬಿಸಿಲಿಗೆ ಕಾದ ಪೈನ್ ಮರದ ಅಂಟಿನ ವಾಸನೆಯೋ ಸಿಕ್ಕೇ ಸಿಗುತ್ತದೆ. ಮ್ಯಾನಿಂಗ್ ಪಾರ್ಕಿನ ತಂಪು ಕಾಡು ದಾಟಿದರೆ ಕೆರೆಮಿಯೋಸಿನ ಹಣ್ಣಿನಂಗಡಿಗಳ ಸಾಲು; ಅದರಾಚೆ ಒಸೋಯೂಸಿನ ಒಣ ನೆಲ. ಇಷ್ಟೂ ಬದಲಾವಣೆಯನ್ನು ಮೈ ಚರ್ಮವೇ ಅಳೆಯುತ್ತದೆ.

ಇದೇ ದಾರಿಯಲ್ಲಿ ಮುಂದೆ ಸಿಗುವ ಬೆಟ್ಟದ ಹಾದಿ ಕೂಟನಿ ಪಾಸ್ ಸುಮಾರು 1,775 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಕಾರ್ಬ್ಯುರೇಟರ್ ಮಾತ್ರ ಕೆಳಗೆ ಕೊಟ್ಟಷ್ಟೇ ಪೆಟ್ರೋಲ್ ಕೊಡುತ್ತಿರುತ್ತದೆ. ಎಂಜಿನ್ ಮುಗ್ಗರಿಸತೊಡಗುತ್ತದೆ. ಆಗ ಗಾಡಿ ನಿಲ್ಲಿಸಿ, ತುಸು ಆರಲು ಬಿಟ್ಟು, ಪಾನಾ ಹಾಕಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು ನನಗೆ ಬಲು ಪ್ರೀತಿಯ ಕೆಲಸ. ಪ್ಲಗ್ಗಿನ ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ಉರಿ ಹದವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಮಸಿ ಒರೆಸಿ, ಕಾರ್ಬ್ಯುರೇಟರಿಗೆ ಪೆಟ್ರೋಲ್ ಅಳೆದು ಬಿಡುವ ಜೆಟ್ಟನ್ನು ಒಂದಳತೆ ಸಣ್ಣದು ಹಾಕಿ ಕಿಕ್ ಮಾಡಿದಾಗ ದನಿ ತಿಳಿಯಾಗುತ್ತದಲ್ಲ, ಆಗ ಬೆಟ್ಟದೊಂದಿಗೆ ಒಪ್ಪಂದವಾಯಿತೆಂದೇ ಲೆಕ್ಕ. ಇಳಿಯುವಾಗ ಹಳೆಯ ಜೆಟ್ಟನ್ನು ಮರೆಯದೆ ಮತ್ತೆ ಹಾಕಬೇಕು. ಇಲ್ಲವಾದರೆ ಕೆಳಗಿನ ದಟ್ಟ ಗಾಳಿಯಲ್ಲಿ ಎಂಜಿನ್ ಕಾದುಹೋಗುತ್ತದೆ.

1,358 ಮೀಟರ್ ಎತ್ತರದ ಕ್ರೋಸ್‌ನೆಸ್ಟ್ ಪಾಸ್ ದಾಟಿ ಆಲ್ಬರ್ಟಾ ಸೇರಿದ ಮೇಲೆ ರಸ್ತೆ ಸುಣ್ಣಕಲ್ಲಿನ ಬಂಡೆರಾಶಿಯ ನಡುವೆಯೇ ಹಾದುಹೋಗುತ್ತದೆ. 1903ರ ಏಪ್ರಿಲ್ 29ರ ನಸುಕಿನಲ್ಲಿ ಟರ್ಟಲ್ ಮೌಂಟನ್‌ನ ಒಂದು ಮಗ್ಗುಲು ಕುಸಿದು, ಒಂದೆರಡು ನಿಮಿಷದೊಳಗೆ ಗಣಿಯೂರಾದ ಫ್ರಾಂಕಿನ ಒಂದು ಭಾಗವನ್ನು ಹೂತುಹಾಕಿತು. ಕಾರಿನವರು ಇದನ್ನು ಕಂಡೂ ಕಾಣದಂತೆ ದಾಟಿಬಿಡುತ್ತಾರೆ. ನನ್ನ ವೇಗಕ್ಕೆ ಮನೆಯಷ್ಟು ದೊಡ್ಡ ಬಂಡೆಗಳು ಒಂದೊಂದಾಗಿ ಎದುರಾಗುತ್ತವೆ. ನಾನು ಆಕ್ಸಿಲರೇಟರನ್ನು ಇನ್ನಷ್ಟು ಇಳಿಸುತ್ತೇನೆ.

ಆಮೇಲೆ ಬಯಲು. ಪಿಂಚರ್ ಕ್ರೀಕ್ ಸುತ್ತ ಪಡುವಣ ಗಾಳಿಗೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಪೂರ್ವಕ್ಕೆ ಹೊರಟವನಿಗೆ ಅದೇ ಗಾಳಿ ಬೆನ್ನಿಗೆ ಬಂದು, ಎಂಜಿನ್ನಿಗೆ ತಾನೂ ಹೆಗಲು ಕೊಡುತ್ತದೆ. ಏರೂ ಗಾಳಿಯೂ ಲೆಕ್ಕಕ್ಕೆ ಬರುವಷ್ಟು ಸಣ್ಣ ಗಾಡಿ ಸಾಕು ನನಗೆ. ಶಕ್ತಿ ಹೆಚ್ಚಿದ್ದರೆ ಊರು ಬೇಗ ಸಿಗುತ್ತಿತ್ತು, ನಡುವಿನ ನೆಲ ಸಿಗುತ್ತಿರಲಿಲ್ಲ.