ಹಾಡುಗಳಿಗೆ ಹೆಸರು ಬರೆಯೋಣ



1963ನೇ ಇಸವಿಯಲ್ಲಿ ಎರಡು ಸಂಗತಿಗಳು ನಡೆದವು. ಆಗಸ್ಟ್ ತಿಂಗಳಲ್ಲಿ ಬರ್ಲಿನ್ ನಗರದ ರೇಡಿಯೊ ಪ್ರದರ್ಶನದಲ್ಲಿ ಫಿಲಿಪ್ಸ್ ಕಂಪನಿಯವರು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಹೊಸ ವಸ್ತುವನ್ನು ಜನರ ಮುಂದಿಟ್ಟರು. ಅದೇ ಕ್ಯಾಸೆಟ್. ಅದೇ ವರ್ಷ ಡಿಸೆಂಬರ್ 4ರಂದು ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ದಾಖಲೆಯನ್ನು ಹೊರಡಿಸಿತು. ಜನರ ಆಡುಭಾಷೆಗೆ ಪೂಜಾಪೀಠದ ಬಳಿ ಜಾಗ ಕೊಟ್ಟ ದಾಖಲೆ ಅದು. ಅದರ ಆರನೇ ಅಧ್ಯಾಯ ಪೂರ್ತಿ ಸಂಗೀತಕ್ಕೆ ಮೀಸಲು. ಹಾಡು ಪೂಜೆಗೆ ತೊಡಿಸುವ ಒಡವೆ ಮಾತ್ರವಲ್ಲ, ಪೂಜೆಯದೇ ಅಂಗ ಎಂಬುದು ಅಲ್ಲಿನ ಸಾರ.

ಈ ಎರಡು ಸಂಗತಿಗಳಿಗೆ ಒಂದಕ್ಕೊಂದು ಸಂಬಂಧವೇನೂ ಇಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಅವು ಕೈ ಕೈ ಹಿಡಿದು ನಡೆದವು. ಲ್ಯಾಟಿನ್ ಹೋಗಿ ಕನ್ನಡ ಬಂದಾಗ ಕನ್ನಡದ ಹಾಡುಗಳು ಬೇಕಾದವು. ಸ್ವರಲಿಪಿ ಓದಬಲ್ಲವರು ನಮ್ಮ ಗಾನವೃಂದಗಳಲ್ಲಿ ಎಷ್ಟು ಮಂದಿ ಇದ್ದಾರು? ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದು ತಂದ ರಾಗವನ್ನು ಹತ್ತು ಸಲ ಕೇಳಿ, ಹನ್ನೊಂದನೇ ಸಲ ಹಾಡಿ ಕಲಿತದ್ದೇ ಹೆಚ್ಚು. ನಂತರ ನಮ್ಮವರೂ ತಮ್ಮ ಹಾಡುಗಳನ್ನು ಕ್ಯಾಸೆಟ್ಟಿಗೆ ಹಾಕಿದರು. ಕ್ರಿಸ್ತಜಯಂತಿಯ ನಡುರಾತ್ರಿಯ ಪೂಜೆ, ಊರ ಹಬ್ಬದ ತೇರು, ಶುಭ ಶುಕ್ರವಾರದ ಶಿಲುಬೆ ಹಾದಿ, ಎಲ್ಲವೂ ಅದರಲ್ಲಿ ಸೇರಿದವು. ನಮ್ಮ ಗುರುನಿವಾಸದ ಬೀರುವಿನಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ಕ್ಯಾಸೆಟ್‌ಗಳಿವೆ. ಕೆಲವಕ್ಕೆ ಬೂಸ್ಟು ಹಿಡಿದಿದೆ, ಕೆಲವದರ ಟೇಪು ಒಂದಕ್ಕೊಂದು ಅಂಟಿಕೊಂಡಿದೆ. ಅವನ್ನು ಹಾಕಿ ಕೇಳುವ ಟೇಪ್ ರೆಕಾರ್ಡರ್ ಯಾರ ಮನೆಯಲ್ಲೂ ಇಲ್ಲ.

ಹೊಸೂರು, ತಾಳವಾಡಿ ಸೀಮೆಯ ಕನ್ನಡ ಕುಟುಂಬಗಳಿಗೆ ಇದು ಸಣ್ಣ ನಷ್ಟವಲ್ಲ. ತಮಿಳುನಾಡಿನಲ್ಲಿ 2006ರ ಕಾಯ್ದೆಯಂತೆ ತಮಿಳು ಒಂದನೇ ತರಗತಿಯಿಂದ ಹಂತ ಹಂತವಾಗಿ ಕಡ್ಡಾಯ ಪಾಠವಾಯಿತು. ತಮಿಳಿನ ಮೇಲೆ ನಮಗೆ ದೂರಿಲ್ಲ. ನೆರೆಯವರ ಭಾಷೆ, ಅನ್ನ ಕೊಡುವ ಭಾಷೆ, ಚೆಂದದ ಭಾಷೆ. ಆದರೆ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಈಗ ಬಾಯಿಮಾತು ಮಾತ್ರ. ಅಕ್ಷರವಾಗಿ ಅದು ಅವರ ಕಣ್ಣಿಗೆ ಬೀಳುವುದು ದೇವಾಲಯದ ಹಾಡಿನ ಪುಸ್ತಕದಲ್ಲಿ ಮಾತ್ರ.

ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಂಡೊಯ್ಯುವುದು ನಮ್ಮಲ್ಲಿ ರೂಢಿ. ಹಾಗೆ ಹೋದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಏಳನೇ ತರಗತಿಯ ಮೊಮ್ಮಗಳ ಬಳಿ ಒಂದು ಹಾಡು ಕೇಳುತ್ತಿದ್ದರು. ಹುಡುಗಿ ಮೊಬೈಲಿನಲ್ಲಿ ಹುಡುಕಿದಳು. ಒಂದು ತಮಿಳು ಭಕ್ತಿಗೀತೆ ಬಂತು, ಆಮೇಲೆ ಎಣ್ಣೆಯ ಜಾಹೀರಾತು, ಅದರ ಹಿಂದೆ ಒಂದು ಸಿನಿಮಾ ಹಾಡು.

“ಅಜ್ಜಿ, ನಿಮ್ಮ ಹಾಡು ಇದರಲ್ಲಿ ಇಲ್ಲ” ಎಂದಳು.

ಅಜ್ಜಿ ನನ್ನ ಕಡೆ ತಿರುಗಿ, “ಇಲ್ದೆ ಎಲ್ಲಿಗೆ ಹೋಯ್ತದೆ ಸ್ವಾಮಿ? ನಾವೇ ಹಾಡಿದ್ದು. ಗುಡಿಯ ಕ್ಯಾಸೆಟ್ನಾಗೆ ಇತ್ತು” ಎಂದರು.

ಆ ಮಾತು ನನ್ನನ್ನು ಬೀರುವಿನ ಬಳಿಗೆ ಕಳುಹಿಸಿತು. ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುವ ನಮ್ಮ ಯುವಕನೊಬ್ಬ ಜೊತೆಗೆ ಬಂದ. ನಾವು ಮಾಡಿದ ಏರ್ಪಾಟನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಯಾವ ಮನೆಯಲ್ಲಾದರೂ ಇದನ್ನು ಮಾಡಬಹುದು.

ಇಂಟರ್ನೆಟ್ಟಿನಿಂದ ಹಾಡು ಕೇಳುವುದು ಟ್ಯಾಂಕರ್ ನೀರು ಹಾಕಿಸಿಕೊಂಡಂತೆ. ಬಂದ ದಿನ ಉಂಟು, ಬಾರದ ದಿನ ಇಲ್ಲ, ತಂದವರು ಕೊಟ್ಟದ್ದೇ ನೀರು. ಮನೆಯಲ್ಲೇ ಒಂದು ಪುಟ್ಟ ಗಣಕಯಂತ್ರದಲ್ಲಿ ಹಾಡುಗಳನ್ನು ತುಂಬಿಟ್ಟು, ವೈಫೈ ಮೂಲಕ ಎಲ್ಲ ಕೋಣೆಗಳಿಗೂ ಹರಿಸುವುದು ನಮ್ಮದೇ ಬಾವಿಯಿಂದ ಮೇಲಿನ ತೊಟ್ಟಿಗೆ ನೀರು ಏರಿಸಿ ಕೊಳಾಯಿ ಬಿಟ್ಟಂತೆ. ಹೊರಗಿನ ಇಂಟರ್ನೆಟ್ ಸಂಪರ್ಕ ಕಡಿದು ಹೋದರೂ ಮನೆಯೊಳಗಿನ ವೈಫೈ ಪೆಟ್ಟಿಗೆಗೆ ಕರೆಂಟ್ ಇದ್ದರೆ ಸಾಕು, ಹಾಡು ಬರುತ್ತದೆ.

ನಾವು ಬಳಸಿದ್ದು ರಾಸ್ಪ್‌ಬೆರಿ ಪೈ 4 ಎಂಬ ಸಣ್ಣ ಗಣಕ. ಶಾಲೆಯ ಮಕ್ಕಳು ಕಡಿಮೆ ಖರ್ಚಿನಲ್ಲಿ ಗಣಕಶಾಸ್ತ್ರ ಕಲಿಯಲಿ ಎಂದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಆರಂಭವಾದ ಪ್ರಯತ್ನ ಇದು. ಮೊದಲ ಮಾದರಿ 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂತು. ಗಾತ್ರದಲ್ಲಿ ಇಸ್ಪೀಟು ಕಟ್ಟಿನಷ್ಟು. ನಾಲ್ಕನೇ ಮಾದರಿಯಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತು ಇದೆ, ಹಳೆಯ ಸ್ಪೀಕರನ್ನು ನೇರವಾಗಿ ಜೋಡಿಸಬಹುದು. ಐದನೆಯದರಲ್ಲಿ ಅದು ಇಲ್ಲ. ಐದು ವ್ಯಾಟ್ ಎಂದು ಲೆಕ್ಕ ಹಿಡಿದರೂ ಹಗಲು ರಾತ್ರಿ ಓಡಿಸಿದರೆ ತಿಂಗಳಿಗೆ ನಾಲ್ಕು ಯೂನಿಟ್ ಕರೆಂಟ್ ಆಗುವುದಿಲ್ಲ. ಇದನ್ನು ಕೊಳ್ಳಲೇಬೇಕೆಂದಿಲ್ಲ. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪೂ ಈ ಕೆಲಸ ಮಾಡುತ್ತದೆ.

ಮೊದಲು ಒಂದು ಮೆಮೊರಿ ಕಾರ್ಡಿಗೆ ಇಮೇಜರ್ ಎಂಬ ಉಚಿತ ತಂತ್ರಾಂಶದಿಂದ ಅದರ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯಬೇಕು. ಆಗಲೇ ಮನೆಯ ವೈಫೈ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಡಬೇಕು. ನಂತರ ಹಾಡಿಸುವ ತಂತ್ರಾಂಶವನ್ನು ಅಳವಡಿಸಬೇಕು. ನಾವು ಆರಿಸಿದ್ದು 2003ರಿಂದ ಬಳಕೆಯಲ್ಲಿರುವ, ಉಚಿತವಾದ ‘ಮ್ಯೂಸಿಕ್ ಪ್ಲೇಯರ್ ಡೀಮನ್’. ಈ ಹೆಸರು ಕೇಳಿದ ಕೂಡಲೇ ಗಾನವೃಂದದ ಹಿರಿಯರೊಬ್ಬರು ಶಿಲುಬೆ ಗುರುತು ಹಾಕಿಕೊಂಡರು! ಭಯ ಬೇಡ. ಕಣ್ಣಿಗೆ ಕಾಣದೆ ಹಿನ್ನೆಲೆಯಲ್ಲಿ ಸದಾ ದುಡಿಯುವ ತಂತ್ರಾಂಶಕ್ಕೆ ಅಮೆರಿಕದ ಎಂಐಟಿಯ ಗಣಕ ತಜ್ಞರು 1963ರ ಸುಮಾರಿನಲ್ಲಿ ಇಟ್ಟ ಹೆಸರದು. ಭೌತಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ ಅವರ ಒಂದು ಕಲ್ಪನೆಯಿಂದ ಎತ್ತಿಕೊಂಡದ್ದು, ಸೈತಾನನಿಗೂ ಅದಕ್ಕೂ ಸಂಬಂಧವಿಲ್ಲ.

ಇದರ ಸೆಟ್ಟಿಂಗ್ ಕಡತದಲ್ಲಿ ಮೂರು ವಿಷಯ ತಿಳಿಸಿದರೆ ಸಾಕು. ಒಂದು, ಹಾಡುಗಳು ಯಾವ ಫೋಲ್ಡರಿನಲ್ಲಿವೆ ಎಂಬುದು. ಎರಡು, ಮನೆಯ ಇತರ ಸಾಧನಗಳ ಮಾತು ಕೇಳು ಎಂಬ ಅನುಮತಿ. ಇದನ್ನು ಬದಲಿಸದಿದ್ದರೆ ಅದು ತನ್ನ ಮಾತನ್ನು ಮಾತ್ರ ತಾನು ಕೇಳುತ್ತದೆ, ಮೊಬೈಲು ಎಷ್ಟು ಕೂಗಿದರೂ ಉತ್ತರಿಸುವುದಿಲ್ಲ. ಮೂರು, ಶಬ್ದ ಎಲ್ಲಿಗೆ ಹೋಗಬೇಕು ಎಂಬುದು. ನಾವು ಎರಡು ದಾರಿ ಕೊಟ್ಟೆವು: ನಡುಮನೆಯ ಸ್ಪೀಕರಿಗೆ ಒಂದು, ವೈಫೈ ಮೂಲಕ ಹರಿಯುವ ಧಾರೆ ಇನ್ನೊಂದು. ಮೊಬೈಲಿನಲ್ಲಿ ಒಂದು ಉಚಿತ ಆ್ಯಪ್ ಹಾಕಿಕೊಂಡು 6600 ಎಂಬ ಬಾಗಿಲಿನಿಂದ ಹಾಡು ಆರಿಸಬಹುದು. ಒಳಕೋಣೆಯ ಇನ್ನೊಂದು ಮೊಬೈಲು 8000 ಎಂಬ ಬಾಗಿಲಿನಿಂದ ಅದೇ ಹಾಡನ್ನು ಕೇಳಿಸಬಹುದು. ಆದರೆ ಈ ಧಾರೆ ಕೆಲವು ಸೆಕೆಂಡು ತಡವಾಗಿ ತಲುಪುತ್ತದೆ. ಎಲ್ಲ ಕೋಣೆಗಳಲ್ಲೂ ಒಂದೇ ತಾಳ ಬೇಕೆಂದರೆ ಸ್ನ್ಯಾಪ್‌ಕಾಸ್ಟ್ ಎಂಬ ಮತ್ತೊಂದು ತಂತ್ರಾಂಶವನ್ನು ಸೇರಿಸಬೇಕು. ಗಣಕದ ವಿಳಾಸ ದಿನಕ್ಕೊಂದು ಆಗದಂತೆ ವೈಫೈ ಪೆಟ್ಟಿಗೆಯಲ್ಲಿ ಅದಕ್ಕೊಂದು ಸ್ಥಿರ ವಿಳಾಸ ಕೊಟ್ಟುಬಿಡಿ. ಇವೆಲ್ಲ ಒಂದು ಸಂಜೆಯ ಕೆಲಸ.

ತಿಂಗಳುಗಟ್ಟಲೆ ಹಿಡಿದದ್ದು ಇದರ ಮುಂದಿನ ಕೆಲಸ. ಯಾರದೋ ಅಟ್ಟದಿಂದ ಸಿಕ್ಕ ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದರ ಇಯರ್‌ಫೋನ್ ತೂತಿನಿಂದ ಗಣಕಕ್ಕೆ ತಂತಿ ಎಳೆದು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯನ್ನು ದಾಖಲಿಸಿಕೊಂಡೆವು. ಇಲ್ಲಿ ಅವಸರಕ್ಕೆ ಜಾಗವಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂತು ಕೇಳಲೇಬೇಕು. ಮೂಲಪ್ರತಿಯನ್ನು ಗುಣ ಕುಂದದ ಫ್ಲ್ಯಾಕ್ ರೂಪದಲ್ಲಿ ಇಟ್ಟೆವು. ಮನೆಗಳಿಗೆ ಕೊಡಲು ಎಂಪಿ3 ಸಾಕು. ಸಾಧಾರಣ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು ಒಂದು ಎಂಬಿ. ಐದೈದು ನಿಮಿಷದ ಇನ್ನೂರು ಹಾಡು ಒಂದು ಜಿಬಿಯಲ್ಲಿ ಹಿಡಿಯುತ್ತವೆ.

ಎಲ್ಲ ಸೇರಿದ ಮೇಲೆ ನೋಡಿದರೆ ಹಾಡುಗಳಿಗೆ ಹೆಸರೇ ಇಲ್ಲ! ಕ್ಯಾಸೆಟ್ಟಿನ ಮೇಲೆ ಬರೆದದ್ದು “ಹಬ್ಬ 87, ಸೈಡ್ ಎ” ಎಂದಷ್ಟೇ. ಹೆಸರಿಲ್ಲದ ಹಾಡನ್ನು ಯಾರು ಹುಡುಕಿಯಾರು? ಗುಡಿಯ ಗಣಕದಲ್ಲಿ ಹಳೆಯ ಹಾಡಿನ ಪಟ್ಟಿಯೊಂದಿತ್ತು, ಹಿಂದಿನ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದು. ಅದನ್ನು ಮೊಬೈಲಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡಿತು. ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಹಾಗೆ ಬರೆದರೆ ಎಲ್ಲ ಮೊಬೈಲುಗಳಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಪರಿವರ್ತಿಸುವ ತಂತ್ರಾಂಶಗಳಿವೆ. ನಾವು ಮಾತ್ರ ಬೇಕೆಂದೇ ಬೇರೆ ದಾರಿ ಹಿಡಿದೆವು.

ಮಕ್ಕಳನ್ನು ಒಂದೊಂದು ಹಿರಿಯರ ಮನೆಗೆ ಕಳುಹಿಸಿದೆವು. ಮಗು ಹಾಡು ಹಾಕಬೇಕು. ಅಜ್ಜನೋ ಅಜ್ಜಿಯೋ ಕೇಳಿ ಅದರ ಮೊದಲ ಸಾಲು, ಹಾಡುತ್ತಿದ್ದ ಸಂದರ್ಭ, ಹಾಡಿದವರ ಹೆಸರು ಹೇಳಬೇಕು. ಮಗು ಕನ್ನಡದಲ್ಲೇ ಟೈಪ್ ಮಾಡಬೇಕು. ಏಳನೇ ತರಗತಿಯ ಆ ಹುಡುಗಿಗೆ ಸ್ವಂತ ಅಜ್ಜಿಯೇ ಗುರು. ತಮಿಳು ಲಿಪಿಯಲ್ಲಿ ತ, ದ ಎರಡಕ್ಕೂ ಒಂದೇ ಅಕ್ಷರ, ಕ, ಗ ಎರಡಕ್ಕೂ ಒಂದೇ. ಆ ಅಭ್ಯಾಸದಲ್ಲಿ ಹುಡುಗಿ ‘ದೇವ’ ಎನ್ನುವಲ್ಲಿ ‘ತೇವ’ ಎಂದು ಬರೆದಳು. ಅಜ್ಜಿ ಕನ್ನಡಕ ಏರಿಸಿ ನೋಡಿ, “ದೇವರನ್ನೇ ತೇವ ಮಾಡಿಬಿಟ್ಟೆಯಲ್ಲೇ ಮಗಳೇ” ಎಂದು ನಕ್ಕರು. ಆ ನಗುವಿನಲ್ಲಿ ಹುಡುಗಿಗೆ ದಕಾರ ಕಾಯಂ ಆಯಿತು. ಮೂವತ್ತು ಹಾಡು ಮುಗಿಯುವ ಹೊತ್ತಿಗೆ ಅವಳು ಒತ್ತಕ್ಷರಗಳಿಗೂ ಅಂಜುತ್ತಿರಲಿಲ್ಲ.

ಒಂದು ಹಾಡಿನ ಮೊದಲು ಕೆಮ್ಮಿದ ಸದ್ದು, ಆಮೇಲೆ “ಒಂದು, ಎರಡು, ಮೂರು” ಎಂದು ಗಂಡಸಿನ ದನಿ. ಶಬ್ದ ಶುದ್ಧ ಮಾಡುತ್ತಿದ್ದ ಯುವಕ ಅದನ್ನು ಕತ್ತರಿಸಲು ಹೊರಟಿದ್ದ, ಹೆಸರು ಬರೆದ ಮೇಲೆ ನೋಡೋಣ ಎಂದು ಹಾಗೇ ಬಿಟ್ಟಿದ್ದ. ಅಜ್ಜಿ ಆ ದನಿ ಕೇಳಿದರು. ಎಷ್ಟೋ ವರ್ಷಗಳ ಹಿಂದೆ ತೀರಿಕೊಂಡ ಅವರ ಯಜಮಾನರು. ಗಾನವೃಂದಕ್ಕೆ ಹಾರ್ಮೋನಿಯಂ ಬಾರಿಸುತ್ತಿದ್ದವರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವಾಗ್ಲೂ ತಾಳ ಬೇಗ ಹಿಡಿಯೋರು. ಎಷ್ಟು ಹೇಳಿದರೂ ಕೇಳ್ತಿರಲಿಲ್ಲ” ಎಂದರು. ಮೊಮ್ಮಗಳು ತಾನು ನೋಡಿಯೇ ಇರದ ತಾತನ ದನಿಯನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಆ ಕೆಮ್ಮನ್ನು ನಾವು ಕತ್ತರಿಸಲಿಲ್ಲ.

ಕೆಲವು ಎಚ್ಚರಿಕೆಯ ಮಾತು. ಪದೇ ಪದೇ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಮೆಮೊರಿ ಕಾರ್ಡು ಕೆಡುವುದುಂಟು. ಆದ್ದರಿಂದ ಹಾಡುಗಳ ಪ್ರತಿ ಒಂದು ಗುಡಿಯಲ್ಲಿ, ಒಂದು ಮನೆಯಲ್ಲಿ, ಒಂದು ಬೇರೆ ಊರಿನ ನೆಂಟರಲ್ಲಿ ಇರಲಿ. ಗಣಕವನ್ನು ನಿಲ್ಲಿಸುವಾಗ ಸರಿಯಾಗಿ ಶಟ್‌ಡೌನ್ ಮಾಡಿ, ತಂತಿ ಕೀಳಬೇಡಿ. ಈ ಬಾಗಿಲುಗಳು ಮನೆಯೊಳಗಿನವು. ಅವನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ. ಅಂಗಡಿಯಲ್ಲಿ ಕೊಂಡ ಭಕ್ತಿಗೀತೆಗಳ ಹಕ್ಕು ಅವನ್ನು ರಚಿಸಿ ಹೊರತಂದವರದು. ಅವುಗಳ ಪ್ರತಿ ಮಾಡಿ ಹಂಚುವುದು ಸಲ್ಲದು. ನಾವು ಹಂಚುವುದು ನಮ್ಮವರು ಹಾಡಿದ ದಾಖಲೆಗಳನ್ನು, ಅದೂ ಹಾಡು ಕಟ್ಟಿದವರ ಒಪ್ಪಿಗೆ ಇದ್ದರೆ.

ಯಂತ್ರಗಳಿಗೆ ಧರ್ಮಸಭೆ ಅಂಜಿದ್ದಿಲ್ಲ. 1931ರ ಫೆಬ್ರುವರಿ 12ರಂದು ಮಾರ್ಕೋನಿಯವರೇ ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೊದಲ್ಲಿ ಪೋಪ್ ಹನ್ನೊಂದನೇ ಪಯಸ್ ಲೋಕಕ್ಕೆ ಮಾತನಾಡಿದರು. ಗಣಕದ ಮೂಲಕ ಪರಮಪ್ರಸಾದದ ಅದ್ಭುತಗಳನ್ನು ಜನರಿಗೆ ಪರಿಚಯಿಸಿ ಹದಿನೈದನೇ ವಯಸ್ಸಿನಲ್ಲಿ ತೀರಿಕೊಂಡ ಕಾರ್ಲೊ ಅಕ್ಯುಟಿಸ್ 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದರು. ಆದರೂ ಒಂದು ಮಾತು ನೆನಪಿರಲಿ. ಪೆಟ್ಟಿಗೆ ಹಾಡುತ್ತಾ ಇದ್ದು ನಾವು ಬಾಯಿ ಮುಚ್ಚಿ ಕೂತರೆ ಅದು ಪ್ರಾರ್ಥನೆಯಾಗುವುದಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿ ಸಂತ ಪೌಲರು ಕೀರ್ತನೆಗಳನ್ನೂ ಭಕ್ತಿಗೀತೆಗಳನ್ನೂ ಹಾಡಿರಿ ಎಂದು ಹೇಳಿದ್ದು ಮನುಷ್ಯರಿಗೆ. ಕುಟುಂಬವೇ ಒಂದು ಪುಟ್ಟ ಧರ್ಮಸಭೆ ಎಂದು ಮಹಾಸಭೆಯು 1964ರಲ್ಲಿ ನೆನಪಿಸಿತು. ಆ ಪುಟ್ಟ ಸಭೆಯಲ್ಲಿ ಸಂಜೆ ಜಪಮಾಲೆಯಾದ ಮೇಲೆ ಒಂದು ಹಾಡು ಹಾಕಿ. ಮೊದಲ ದಿನ ಕೇಳಿ, ಎರಡನೆಯ ದಿನ ಜೊತೆಗೆ ಹಾಡಿ, ಒಂದು ವಾರದ ಮೇಲೆ ಪೆಟ್ಟಿಗೆ ಆರಿಸಿ ನೀವೇ ಹಾಡಿ. ಯಾವ ಹಾಡು ಎಂದು ಆರಿಸುವ ಕೆಲಸ ಮನೆಯ ಕಿರಿಯ ಮಗುವಿಗೆ ಇರಲಿ. ಪಟ್ಟಿ ಕನ್ನಡದಲ್ಲೇ ಇರಲಿ.

ಬೀರುವಿನಲ್ಲಿ ಇನ್ನೂ ಹದಿನಾರು ಕ್ಯಾಸೆಟ್‌ಗಳು ಉಳಿದಿವೆ. ನಿಮ್ಮ ಟ್ರಂಕುಗಳಲ್ಲಿ, ಅಟ್ಟಗಳಲ್ಲಿ ಮತ್ತಷ್ಟು ಇರಬಹುದು. ಭಾನುವಾರದ ಪೂಜೆಯ ನಂತರ ಗುರುನಿವಾಸಕ್ಕೆ ತನ್ನಿ. ಕೇಳಿಸಿಕೊಂಡು ವಾಪಸು ಕೊಡುತ್ತೇವೆ. ಬರುವಾಗ ಮನೆಯ ಹಿರಿಯರೊಬ್ಬರನ್ನೂ ಶಾಲೆಗೆ ಹೋಗುವ ಮಗುವೊಂದನ್ನೂ ಜೊತೆಗೆ ಕರೆತನ್ನಿ. ಹಾಡು ಯಾವುದೆಂದು ಹೇಳಲು ಅವರು ಬೇಕು, ಬರೆದುಕೊಳ್ಳಲು ಇವರು ಬೇಕು.